ಉಸಿರಿಗೆ ಜೋಡಿಸಿದ ಮಾತು

ಹಳಗನ್ನಡದಲ್ಲಿ 'ಉಸಿರ್' ಎಂದರೆ ಶ್ವಾಸವೂ ಹೌದು, ನುಡಿಯುವುದೂ ಹೌದು. 'ಉಸಿರೆತ್ತಬೇಡ' ಎಂದು ಗದರಿಸುವಾಗ ಆ ಹಳೆಯ ನಂಟು ಇಂದಿಗೂ ಇಣುಕುತ್ತದೆ. ಚೀನೀ ಭಾಷೆಯ 'ಚೀ' ಎಂಬ ಪದವೂ ಇಂಥದೇ. ಉಸಿರು, ಆವಿ, ಜೀವಚೈತನ್ಯ ಎಲ್ಲವೂ ಅದರೊಳಗೆ ಅಡಗಿವೆ. ಸಿಟ್ಟಾಗುವುದಕ್ಕೆ ಅಲ್ಲಿ 'ಷೆಂಗ್ ಚೀ' ಎನ್ನುತ್ತಾರೆ. ಅಕ್ಷರಶಃ ಹೇಳುವುದಾದರೆ ಚೀ ಹುಟ್ಟುವುದು. ಕೋಪಗೊಂಡವನ ಮೂಗಿನ ಹೊಳ್ಳೆಗಳನ್ನು ಒಮ್ಮೆ ನೋಡಿದವರಿಗೆ ಈ ಪದಕ್ಕೆ ಬೇರೆ ಟೀಕೆ ಬೇಕಿಲ್ಲ.

ಈ ಚೀಯನ್ನು ಪಳಗಿಸುವ ಸಾಧನೆಗೆ ಇಂದು 'ಚೀಗಾಂಗ್' ಎಂಬ ಹೆಸರಿದೆ. ಸಾಧನೆ ಬಹು ಪ್ರಾಚೀನವಾದುದು. ಚಾಂಗ್‌ಷಾ ಬಳಿಯ ಮಾವಾಂಗ್‌ದುಯ್‌ನಲ್ಲಿ ಕ್ರಿ.ಪೂ. 168ರ ಸಮಾಧಿಯೊಂದರಿಂದ ದೊರೆತ ರೇಷ್ಮೆಯ ಮೇಲಿನ ಚಿತ್ರದಲ್ಲಿ ಅಂಗಚಾಲನೆಯ 44 ಭಂಗಿಗಳಿವೆ. ಆದರೆ ಇಂಥ ಅಭ್ಯಾಸಗಳಿಗೆಲ್ಲ ಚೀಗಾಂಗ್ ಎಂಬ ಒಂದೇ ಹೆಸರು ರೂಢಿಗೆ ಬಂದುದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಅದರ ಹಿಂದೆ ಇದ್ದವನು ಒಬ್ಬ ರೋಗಿ.

ಲಿಯು ಗುಯ್‌ಝೆನ್ ಹೆಬೈ ಪ್ರಾಂತದ ಕಮ್ಯುನಿಸ್ಟ್ ಕಾರ್ಯಕರ್ತ. 1947ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಜಠರದ ಹುಣ್ಣಿನಿಂದಲೂ ನರದೌರ್ಬಲ್ಯದಿಂದಲೂ ಬಳಲಿ ಊರಿಗೆ ಮರಳಿದ. ಅಲ್ಲಿ ಲಿಯು ದುಝೋವು ಎಂಬ ಹಿರಿಯರು ಅವನನ್ನು ಕೂರಿಸಿ ಉಸಿರಾಡುವುದನ್ನು ಕಲಿಸಿದರು. ಹುಟ್ಟಿದಂದಿನಿಂದ ಮಾಡುತ್ತ ಬಂದುದನ್ನು ಮತ್ತೆ ಕಲಿಯುವುದೆಂದರೆ ನಗು ಬರಬಹುದು; ಹೊಟ್ಟೆ ಹಿಡಿದುಕೊಂಡು ಕುಳಿತವನಿಗೆ ಬಂದಿರಲಾರದು. 102 ದಿನಗಳ ಅಭ್ಯಾಸದ ತರುವಾಯ ಅವನು ಚೇತರಿಸಿಕೊಂಡು ಕೆಲಸಕ್ಕೆ ಹಿಂದಿರುಗಿದ.

'ನೈಯಾಂಗ್‌ಗಾಂಗ್' ಎಂಬ ಆ ವಿಧಾನದ ತಿರುಳು ಸರಳ. ಗಮನ ಹೊಕ್ಕುಳಿನ ಕೆಳಗೆ. ಉಸಿರಾಟದ ನಡುವೆ ಒಂದು ಸಣ್ಣ ತಂಗುದಾಣ. ಉಸಿರಿನ ಜೊತೆಜೊತೆಗೆ ಮನಸ್ಸಿನಲ್ಲಿಯೇ ಹೇಳಿಕೊಳ್ಳುವ ಒಂದು ಮಾತು. ಮೊದಲು ಮೂರೇ ಪದ, ಅಭ್ಯಾಸ ಬಲಿತಂತೆ ಒಂದೊಂದಾಗಿ ಹೆಚ್ಚು. ಪದ ಹೆಚ್ಚಿದಂತೆ ಉಸಿರು ತಾನಾಗಿ ನಿಧಾನವಾಗುತ್ತದೆ. ನಿಡಿದಾದ ನಿಶ್ವಾಸದಲ್ಲಿ ಹೃದಯದ ಬಡಿತ ಇಳಿಯುತ್ತದೆಂಬುದನ್ನು ಶರೀರಶಾಸ್ತ್ರವೂ ಒಪ್ಪುತ್ತದೆ. ಎಣಿಕೆಯ ಕೆಲಸವನ್ನು ಮಾತಿಗೆ ವಹಿಸಿದ ಜಾಣ್ಮೆ ಸಾಹಿತ್ಯದವರಿಗೆ ವಿಶೇಷವಾಗಿ ಹಿಡಿಸಬೇಕು: ಇಲ್ಲಿ ಛಂದಸ್ಸೇ ಔಷಧ.

ಆ ಮಾತು ಮೊದಲು ಧಾರ್ಮಿಕ ಮಂತ್ರವಾಗಿತ್ತು. ಲಿಯು ಮತ್ತು ಅವನ ಸಂಗಡಿಗರು ಅದನ್ನು ಕಳಚಿ, ಆರೋಗ್ಯಕ್ಕಾಗಿ ಕುಳಿತಿದ್ದೇನೆಂಬ ಅರ್ಥದ ಸಾದಾ ವಾಕ್ಯವನ್ನಿಟ್ಟರು. ಹೊಸ ಸರ್ಕಾರಕ್ಕೆ ಮಂತ್ರ ಸಲ್ಲದು, ಚಿಕಿತ್ಸೆ ಸಲ್ಲುತ್ತದೆ. ಇದನ್ನು ಬರಿಯ ರಾಜಿ ಎಂದು ತಳ್ಳಿಹಾಕುವುದು ಆತುರವಾದೀತು. ಆ ಬದಲಾವಣೆ ಇಲ್ಲದಿದ್ದರೆ ಹಳ್ಳಿಯ ವಿದ್ಯೆ ಆಸ್ಪತ್ರೆಯ ಹೊಸ್ತಿಲು ದಾಟುವುದು ಕಷ್ಟವಿತ್ತು. ತಾಂಗ್‌ಷಾನ್‌ನಲ್ಲಿಯೂ ಆಮೇಲೆ ಕಡಲತೀರದ ಬೈದೈಹೆಯಲ್ಲಿಯೂ ಆರೋಗ್ಯಧಾಮಗಳು ಎದ್ದವು. 1957ರಲ್ಲಿ ಲಿಯುವಿನ ಪುಸ್ತಕ ಹೊರಬಂದಿತು.

ಸಾದಾ ವಾಕ್ಯವೂ ಅವನನ್ನು ಕಾಯಲಿಲ್ಲ. 1960ರ ದಶಕದ ಮಧ್ಯದಲ್ಲಿ ಚೀಗಾಂಗ್ ಮೂಢನಂಬಿಕೆಯೆನಿಸಿತು. ಯಾವುದನ್ನು ಕಳಚಿ ಬಂದಿದ್ದನೋ ಅದೇ ಆರೋಪ ಅವನನ್ನು ಹುಡುಕಿಕೊಂಡು ಬಂದಿತು. ಆರೋಗ್ಯಧಾಮ ಮುಚ್ಚಿತು, ಲಿಯುವನ್ನು ಷಾನ್‌ಹೈಗುವಾನ್ ಬಳಿಯ ಹೊಲಗಳ ದುಡಿಮೆಗೆ ಅಟ್ಟಿದರು. ಮನಸ್ಸಿನ ಒತ್ತಡಕ್ಕೆ ಮದ್ದು ಹೇಳಿದವನ ಮೇಲೆಯೇ ಕಾಲದ ಒತ್ತಡವೆಲ್ಲ ಬಿದ್ದಿತು.

ಬೈದೈಹೆಯ ಬಾಗಿಲು ಮತ್ತೆ ತೆರೆದದ್ದು 1980ರಲ್ಲಿ. ಲಿಯು ತೀರಿಕೊಂಡದ್ದು 1983ರಲ್ಲಿ. ಮುಂದೆ ಅವನ ಮಗಳು ಲಿಯು ಯಾಫೈ ಅದೇ ಊರಿನಲ್ಲಿ, ಬಂದವರಿಗೆ ಉಸಿರನ್ನೂ ಪದಗಳನ್ನೂ ಜೋಡಿಸಿ ಕೂರುವುದನ್ನು ಕಲಿಸಿದಳು.