ಬಾಗಿಲಿಗೊಂದು ಚಿಲಕ

ನಮ್ಮ ಮನೆಗೆ ಫೋನು ಬಂದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ ಬಂದದ್ದು ಅದು. ಧೂಳು ಕೂರಬಾರದೆಂದು ಕ್ರೋಶಾದಲ್ಲಿ ಹೆಣೆದ ಬಿಳಿಯ ಮುಸುಕು ಹೊದಿಸಿದ್ದೆ. ಮುಂದಿನ ಡೈರೆಕ್ಟರಿ ಬಂದಾಗ ಮನೆಮಂದಿಯೆಲ್ಲ ತಲೆಗೆ ತಲೆ ಕೊಟ್ಟು ನಮ್ಮ ಹೆಸರು ಹುಡುಕಿದೆವು. ನಮ್ಮ ಹೆಸರು ಎಂದರೆ ನಮ್ಮ ಯಜಮಾನರ ಹೆಸರು, ಕೆಳಗೆ ಮನೆಯ ವಿಳಾಸ. ಮಾವನವರಂತೂ ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಮನೆಗೆ ಬಂದವರಿಗೆಲ್ಲ ತೋರಿಸಿದರು. ಪುಸ್ತಕದಲ್ಲಿ ವಿಳಾಸ ಅಚ್ಚಾಗುವುದು ಆಗ ಹೆಮ್ಮೆಯ ವಿಷಯ. ಅದರಿಂದ ಯಾರಿಗಾದರೂ ಭಯವಾಗಬಹುದೆಂದು ನಮಗೆ ತೋಚಿರಲೇ ಇಲ್ಲ.

ನನ್ನ ಹೆಸರು ಮಾತ್ರ ಯಾವ ಡೈರೆಕ್ಟರಿಯಲ್ಲೂ ಬಂದದ್ದಿಲ್ಲ. ರೇಷನ್ ಕಾರ್ಡಿನಲ್ಲಿ ಎರಡನೆಯ ಸಾಲು ನಾನು. ಕರೆಂಟು ಬಿಲ್ಲು, ಗ್ಯಾಸಿನ ಪುಸ್ತಕ, ಮನೆಯ ಕಂದಾಯ ಎಲ್ಲ ಅವರ ಹೆಸರಿನಲ್ಲಿ. ಹಾಗಾಗಿ 2014ರಲ್ಲಿ ನಮ್ಮ ಉಪ್ಪಿನಕಾಯಿಗೆ ಅಂತರಜಾಲದಲ್ಲಿ ಒಂದು ಸ್ವಂತ ಹೆಸರು ಕೊಳ್ಳುವ ಮಾತು ಬಂದಾಗ ನನಗಾದ ಸಂಭ್ರಮವನ್ನು ನೀವು ಊಹಿಸಬಹುದು.

ನಮ್ಮ ಎಂದೆನಲ್ಲ, ಆ ವ್ಯಾಪಾರದಲ್ಲಿ ನನ್ನ ಜೊತೆಗಿದ್ದವಳು ನನ್ನ ಹೈಸ್ಕೂಲಿನ ಗೆಳತಿ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ನಿಮಗೇ ತಿಳಿಯುತ್ತದೆ. ಹನ್ನೊಂದು ವರ್ಷ ಸಂಸಾರ ಮಾಡಿ, ತೋಳಿನ ಮೇಲಿನ ಗುರುತುಗಳನ್ನು ಉದ್ದ ತೋಳಿನ ರವಿಕೆಯಲ್ಲಿ ಮುಚ್ಚಿಕೊಂಡು, ಕೊನೆಗೆ ಒಂದು ದಿನ ಮಗಳ ಕೈ ಹಿಡಿದು ಹೊರಟು ಬಂದವಳು ಅವಳು. ಶಿವಮೊಗ್ಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದಳು. ಎಲ್ಲಿದ್ದಾಳೆಂದು ತವರಿನವರಿಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನಾನಿರುವುದು ಸಾಗರದಲ್ಲಿ. ಒಳ್ಳೆಯ ಅಪ್ಪೆಮಿಡಿ ಸಿಗುವುದು ನಮ್ಮ ಕಡೆ. ಮಿಡಿ ಆರಿಸಿ ಉಪ್ಪಿನಲ್ಲಿ ಹಾಕುವುದು ನನ್ನ ಕೆಲಸ. ಖಾರ ಬೀಸಿ, ಕಲಸಿ, ಡಬ್ಬಿಗೆ ತುಂಬಿ, ಪಾರ್ಸೆಲ್ ಕಳಿಸುವುದು ಅವಳದು. ನಮ್ಮ ಅಣ್ಣನ ಮಗ ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡ. ಬೇಕಾದ ಡಾಟ್ ಕಾಮ್ ಹೆಸರು ಸಿಕ್ಕಿತು. ಅರ್ಜಿಯಲ್ಲಿ ಹೆಸರು, ಮನೆ ನಂಬರು, ರಸ್ತೆ, ಪಿನ್ ಕೋಡು, ಫೋನು ಎಲ್ಲ ಕೇಳಿದರು. ಪಾರ್ಸೆಲ್ ವ್ಯವಹಾರ ಅವಳದಲ್ಲವೇ ಎಂದು ಹೆಸರು, ವಿಳಾಸ ಅವಳದು ಬರೆಸಿದೆ. ಫೋನು ಮಾತ್ರ ನನ್ನದು. ಕೊನೆಯಲ್ಲಿ ಅವನು ಕೇಳಿದ, "ಅತ್ತೆ, ಈ ವಿವರ ಯಾರಿಗೂ ಕಾಣದ ಹಾಗೆ ಮುಚ್ಚಿಡೋಕೆ ವರ್ಷಕ್ಕೆ ಬೇರೆ ದುಡ್ಡು ಕೇಳ್ತಿದಾರೆ. ಬೇಕಾ?"

"ಎಲ್ಲಾ ದುಡ್ಡು ಕೀಳೋ ದಾರಿ ಕಣೋ. ಮುಚ್ಚಿಡೋಕೆ ನಾವೇನು ಕದ್ದ ಮಾಲು ಮಾರ್ತೀವಾ?" ಎಂದೆ.

ಪಕ್ಕದಲ್ಲಿದ್ದ ಗೆಳತಿ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಸುಮ್ಮನಾದಳು. ಆ ವ್ಯಾಪಾರಕ್ಕೆ ಬಂಡವಾಳ ಹಾಕಿದವಳು ನಾನು. ಅವಳು ಸುಮ್ಮನಾದದ್ದನ್ನು ಕಂಡೂ ಕಾಣದ ಹಾಗೆ ಇದ್ದವಳೂ ನಾನೇ.

ಮಾರನೆಯ ದಿನದಿಂದಲೇ ನನ್ನ ಫೋನು ಬಾಯಿ ಮುಚ್ಚಲಿಲ್ಲ. "ಮೇಡಂ, ವೆಬ್‌ಸೈಟ್ ಮಾಡಿಕೊಡ್ತೀವಿ," "ಮೇಡಂ, ಲೋಗೋ ಬೇಕಾ?" ಎಂದು ಯಾವ ಯಾವುದೋ ಊರಿನಿಂದ ಕರೆ. ಎಲ್ಲರೂ ಕೇಳುತ್ತಿದ್ದುದು ಗೆಳತಿಯನ್ನು, ಅವಳ ಪೂರ್ತಿ ಹೆಸರು ಹಿಡಿದು. ಇವರಿಗೆ ಈ ಹೆಸರು ಎಲ್ಲಿಂದ ಸಿಕ್ಕಿತು ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ನಮ್ಮ ವ್ಯಾಪಾರ ಇಷ್ಟು ಬೇಗ ಹೆಸರಾಯಿತಲ್ಲ ಎಂದು ಒಳಗೊಳಗೇ ಬೀಗಿದೆ.

ನಮ್ಮ ತಾಣದ ಪುಟದಲ್ಲಿ ವಿಳಾಸವಿರಲಿಲ್ಲ. ಅವಳೇ ಬೇಡವೆಂದಿದ್ದಳು. ಭರಣಿಯ ಮುಂದೆ ಬಗ್ಗಿ ನಿಂತ ಅವಳದೊಂದು ಫೋಟೋ ಮಾತ್ರ ಇತ್ತು. ಗಂಡನ ಕಡೆಯ ಯಾರೋ ಅದನ್ನು ನೋಡಿ ಗುರುತು ಹಿಡಿದರು. ಮುಂದಿನದು ಬಹಳ ಸುಲಭ. ತಾಣದ ಹೆಸರನ್ನು 'ಹೂ ಈಸ್' ಎಂಬ ಪುಟದಲ್ಲಿ ಟೈಪು ಮಾಡಿದರೆ, ಅದು ಯಾರದು, ಅವರ ಮನೆ ಯಾವ ರಸ್ತೆಯಲ್ಲಿದೆ ಎಂಬುದೆಲ್ಲ ಪರದೆಯ ಮೇಲೆ ಬಂದು ನಿಲ್ಲುತ್ತಿತ್ತು. ಅದಕ್ಕೆ ಕಳ್ಳಗಿಂಡಿ ಬೇಕಿರಲಿಲ್ಲ, ದುಡ್ಡೂ ಬೇಕಿರಲಿಲ್ಲ.

ಒಂದು ಬೆಳಿಗ್ಗೆ, ಹುಡುಗಿ ಶಾಲೆಗೆ ಹೊರಡುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ. ಮನೆಯ ಓನರಮ್ಮ ಮತ್ತು ಅಕ್ಕಪಕ್ಕದವರು ಕೂಗು ಕೇಳಿ ಹೊರಗೆ ಬಂದದ್ದರಿಂದ ದೊಡ್ಡ ಅನಾಹುತವಾಗಲಿಲ್ಲ. ಬಾಯಿಗೆ ಬಂದಂತೆ ಬಯ್ದು ಹೋದ. ಅವಳು ವಾರದೊಳಗೆ ಆ ಮನೆ ಖಾಲಿ ಮಾಡಿದಳು. ವರ್ಷದ ನಡುವೆ ಹುಡುಗಿಯ ಶಾಲೆ ಬದಲಾಯಿತು. ಆ ಹುಡುಗಿ ಬಹಳ ದಿನ ಬಾಗಿಲು ಬಡಿದ ಸದ್ದಾದರೆ ಅಡುಗೆಮನೆಗೆ ಓಡುತ್ತಿತ್ತು.

ಅಣ್ಣನ ಮಗ ಅಂದೇ ವಿಳಾಸವನ್ನು ಬದಲಿಸಿದ. ಆದರೆ ಹಳೆಯ ದಾಖಲೆಗಳನ್ನು ನಕಲು ಮಾಡಿ ಇಟ್ಟುಕೊಂಡು ಮಾರುವ ಕಂಪನಿಗಳೇ ಇವೆಯೆಂದು ಆಮೇಲೆ ತಿಳಿಯಿತು. ರಂಗೋಲಿ ಇಷ್ಟವಾಗದಿದ್ದರೆ ನೀರು ಹಾಕಿ ಅಳಿಸಿ ಬೇರೆ ಹಾಕಬಹುದು, ಇದು ಹಾಗಲ್ಲ. ಒಮ್ಮೆ ಬಯಲಾದದ್ದು ಬಯಲಾದ ಹಾಗೆಯೇ.

ಇದನ್ನೆಲ್ಲ ಯಾವ ಪುಣ್ಯಾತ್ಮರು ಮಾಡಿದರು ಎಂದು ಸಿಟ್ಟಿನಿಂದಲೇ ಹುಡುಕಿ ಓದತೊಡಗಿದೆ. ಆಶ್ಚರ್ಯವೆಂದರೆ ಈ ಪಟ್ಟಿಯ ಮೊದಲ ಯಜಮಾನಿ ಒಬ್ಬ ಹೆಂಗಸು! ಎಲಿಜಬೆತ್ ಫೈನ್ಲರ್ ಎಂದು ಅವರ ಹೆಸರು, ಎಲ್ಲರೂ ಕರೆಯುವುದು ಜೇಕ್ ಎಂದು. ಅಂತರಜಾಲಕ್ಕೆ ಮೂಲವಾದ ಆರ್ಪಾನೆಟ್ ಎಂಬ ಜಾಲಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಮಾಹಿತಿ ಕೇಂದ್ರವೊಂದಿತ್ತು. 1970ರ ಮತ್ತು 80ರ ದಶಕಗಳಲ್ಲಿ ಅದನ್ನು ನಡೆಸಿದವರು ಅವರು. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ಬಾಲಗಳನ್ನು ಹೆಸರುಗಳಿಗೆ ಅಂಟಿಸುವುದರಲ್ಲಿಯೂ ಅವರ ಕೇಂದ್ರದ ಕೈಯಿದೆ. ಜಾಲದಲ್ಲಿದ್ದವರ ಡೈರೆಕ್ಟರಿಯನ್ನು ಅವರು ಅಚ್ಚು ಹಾಕಿಸುತ್ತಿದ್ದರು, ಥೇಟ್ ನಮ್ಮ ಟೆಲಿಫೋನ್ ಡೈರೆಕ್ಟರಿಯ ಹಾಗೆ. 1982ರಲ್ಲಿ ಅದನ್ನು ಕಂಪ್ಯೂಟರಿನಲ್ಲೇ ಕೇಳಿ ತಿಳಿಯುವ ಕ್ರಮಕ್ಕೆ ಲಿಖಿತ ವಿವರಣೆ ಹೊರಬಂತು. ಅದೇ 'ಹೂ ಈಸ್'. ಹೆಸರು, ಅಂಚೆ ವಿಳಾಸ, ಫೋನು ಎಲ್ಲ ನೋಂದಾಯಿಸಿ ಎಂದು ಆಗಲೇ ಕೇಳಿದ್ದರು.

ಇದರಲ್ಲಿ ತಪ್ಪೇನೂ ಇರಲಿಲ್ಲ ಎನ್ನಿ. ಆಗ ಆ ಜಾಲದಲ್ಲಿದ್ದವರು ವಿಶ್ವವಿದ್ಯಾಲಯಗಳವರು, ಸೈನ್ಯದವರು, ಸಂಶೋಧಕರು. ಒಬ್ಬರ ಯಂತ್ರ ಕೆಟ್ಟರೆ ಇನ್ನೊಬ್ಬರು ಫೋನು ಮಾಡಿ ಹೇಳಬೇಕಲ್ಲ. ಅಗ್ರಹಾರದಲ್ಲಿ ಎಲ್ಲರ ಮನೆ ಬಾಗಿಲೂ ತೆರೆದೇ ಇರುತ್ತಿದ್ದ ಹಾಗೆ. ಆಮೇಲೆ ಅಗ್ರಹಾರ ಬೆಳೆದು ಸಂತೆಯಾಯಿತು. ಉಪ್ಪಿನಕಾಯಿ ಮಾರುವವರು, ಕವನ ಬರೆಯುವವರು, ಗಂಡನಿಂದ ತಪ್ಪಿಸಿಕೊಂಡು ಬಂದವರು ಎಲ್ಲರೂ ಬಂದರು. ಬಾಗಿಲು ತೆರೆದಿಡಬೇಕೆಂಬ ನಿಯಮ ಮಾತ್ರ ಹಾಗೆಯೇ ಉಳಿಯಿತು. 1998ರಲ್ಲಿ ಈ ಹೆಸರುಗಳ ಮೇಲ್ವಿಚಾರಣೆಗೆಂದು ಹುಟ್ಟಿದ ಐಕಾನ್ ಎಂಬ ಸಂಸ್ಥೆಯೂ ಡಾಟ್ ಕಾಮ್‌ನಂಥ ಹೆಸರುಗಳಿಗೆ ಅದೇ ನಿಯಮವನ್ನು ನಡೆಸಿಕೊಂಡು ಬಂತು. ನಮ್ಮ ವಿಳಾಸ ನಮ್ಮಲ್ಲೇ ಉಳಿಯಲು ನಾವೇ ಬಾಡಿಗೆ ಕಟ್ಟಬೇಕಿತ್ತು. ಕಟ್ಟದವರದು ಊರಿಗೆಲ್ಲ ಬಯಲು.

2015ರಲ್ಲಿ ಆ ಬಾಡಿಗೆಯ ಮರೆಯನ್ನೂ ವ್ಯಾಪಾರ ಮಾಡುವವರಿಗೆ ಕೊಡಬಾರದು ಎಂಬ ಸಲಹೆಯೊಂದು ಐಕಾನ್ ಮುಂದೆ ಬಂದಿತ್ತಂತೆ. ಸಾವಿರಾರು ಜನ ಬೇಡವೆಂದು ಬರೆದರು. ಕಿರುಕುಳ ಅನುಭವಿಸಿದ ಹೆಂಗಸರ ಪರವಾಗಿ ದನಿ ಎತ್ತಿದವರೂ ಅವರಲ್ಲಿದ್ದರು. ಓದುವಾಗ ನನಗೆ ಅನಿಸಿತು, ನಾನೂ ಒಂದು ಕಾಗದ ಬರೆಯಬಹುದಾಗಿತ್ತು. ಆದರೆ ಇಂಥದೊಂದು ಚರ್ಚೆ ನಡೆದಿದೆಯೆಂದು ಸಾಗರದಲ್ಲಿ ಮಿಡಿ ಆರಿಸುತ್ತಿದ್ದವಳಿಗೆ ಹೇಗೆ ತಿಳಿಯಬೇಕು?

ಬದಲಾವಣೆ ಬಂದದ್ದು ಯುರೋಪಿನಿಂದ. 2018ರ ಮೇ 25ರಂದು ಅಲ್ಲಿ ಖಾಸಗಿ ವಿವರಗಳನ್ನು ಕಾಪಾಡುವ ಕಟ್ಟುನಿಟ್ಟಿನ ಕಾನೂನು ಜಾರಿಯಾಯಿತು. ತಪ್ಪಿದರೆ ಭಾರೀ ದಂಡ. ಅದಕ್ಕೆ ಒಂದು ವಾರ ಮೊದಲು ಐಕಾನ್ ಅವಸರದಲ್ಲಿ ತಾತ್ಕಾಲಿಕ ನಿಯಮ ಮಾಡಿ, ಮನೆ ವಿಳಾಸ, ಫೋನು ಮುಂತಾದವನ್ನು ಸಾರ್ವಜನಿಕ ಪುಟದಿಂದ ಮರೆಮಾಡಲು ಒಪ್ಪಿತು. ಜರ್ಮನಿಯ ನೋಂದಣಿ ಕಂಪನಿಯೊಂದು, ಕೊಂಡವರ ವಿವರ ಸಾಕು, ಅದರ ಜೊತೆಗೆ ಇನ್ನಿಬ್ಬರ ಹೆಸರು, ವಿಳಾಸ ನಮಗೇಕೆ ಎಂದಿತು. ಬೇಕೇ ಬೇಕು ಎಂದು ಐಕಾನ್ ಕೋರ್ಟಿಗೆ ಹೋಯಿತು. ಬಾನ್ ನಗರದ ನ್ಯಾಯಾಲಯ ಅದೇ ತಿಂಗಳು ಐಕಾನ್ ಕೋರಿಕೆಯನ್ನು ತಳ್ಳಿಹಾಕಿತು. 2025ರ ಜನವರಿಯಲ್ಲಿ, ಡಾಟ್ ಕಾಮ್‌ನಂಥ ಹೆಸರುಗಳಿಗೆ ಹಳೆಯ 'ಹೂ ಈಸ್' ಸೇವೆ ಕೊಡಲೇಬೇಕೆಂಬ ಕಟ್ಟಳೆಯೂ ಮುಗಿಯಿತು. ಅದರ ಜಾಗಕ್ಕೆ ಬೇರೆ ಏರ್ಪಾಡು ಬಂದಿದೆ. ಯಾರಿಗೆ ಎಷ್ಟು ತೋರಿಸಬೇಕೆಂದು ಅಳೆದು ತೋರಿಸುವುದು ಅದರಲ್ಲಿ ಸಾಧ್ಯ.

ನಮ್ಮ ದೇಶದ ಮಾತು ಹೇಳುವಾಗ ನಮ್ಮವರೇ ಒಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಪ್ರಜೆಯ ಮೂಲಭೂತ ಹಕ್ಕು ಎಂದರು. ಮುಂದೆ 2023ರಲ್ಲಿ ನಮ್ಮ ವಿವರಗಳನ್ನು ಕಾಪಾಡುವ ಕಾಯ್ದೆಯೂ ಆಯಿತು. ಮೊಮ್ಮಕ್ಕಳನ್ನು ಆಡಿಸಿಕೊಂಡು ನೆಮ್ಮದಿಯಾಗಿರಬಹುದಾದ ವಯಸ್ಸಿನಲ್ಲಿ ಆ ಹಿರಿಯರು ಪಟ್ಟ ಶ್ರಮ ನಮ್ಮೆಲ್ಲರ ಮನೆ ಬಾಗಿಲಿಗೆ ಚಿಲಕವಾಗಿದೆ.

ಇಷ್ಟು ಓದಿ, ಮುಚ್ಚಿಟ್ಟರೆ ಎಲ್ಲ ಸರಿಹೋಯಿತು ಎಂದು ನಾನು ನಿಟ್ಟುಸಿರು ಬಿಡುವ ಹೊತ್ತಿಗೆ ನಮ್ಮ ನಾದಿನಿಯ ಸೀರೆ ಪ್ರಕರಣ ನಡೆಯಿತು. ಇಳಕಲ್ ಸೀರೆ ಅರ್ಧ ಬೆಲೆಗೆ ಎಂಬ ತಾಣ ನೋಡಿ ಸಾವಿರದ ಎಂಟುನೂರು ರೂಪಾಯಿ ಕಟ್ಟಿದಳು. ಸೀರೆಯೂ ಇಲ್ಲ, ದುಡ್ಡೂ ಇಲ್ಲ. "ಅತ್ತಿಗೆ, ನೀವು ಇದರಲ್ಲಿ ಪಂಡಿತೆ ಅಲ್ವಾ, ಅವನು ಯಾರು ನೋಡಿ" ಎಂದಳು. ನೋಡಿದೆ. ಹೆಸರಿನ ಜಾಗದಲ್ಲಿ ಪರದೆ, ವಿಳಾಸದ ಜಾಗದಲ್ಲಿ ಪರದೆ. ನನ್ನ ಗೆಳತಿಯನ್ನು ಕಾಯಬೇಕಾಗಿದ್ದ ಪರದೆಯ ಹಿಂದೆ ಈಗ ಕಳ್ಳನೊಬ್ಬ ಕಾಲು ಚಾಚಿ ಕುಳಿತಿದ್ದ. ಅದಕ್ಕೇ ಪೊಲೀಸರೂ ದೊಡ್ಡ ಕಂಪನಿಗಳವರೂ ಈ ಪರದೆಯನ್ನು ದೂರುವುದು. ಅವರ ಹೆಸರು ಕದ್ದ ಸುಳ್ಳು ತಾಣಗಳ ಮೊಕದ್ದಮೆಗಳು ದೆಹಲಿ ಹೈಕೋರ್ಟಿಗೂ ಹೋಗಿವೆ. ನಮ್ಮ ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆ, ಬೇರೆಯವರ ಹೆಸರಿನ ಮರೆಯಲ್ಲಿ ನಿಂತು ನೋಂದಾಯಿಸಲು ಅವಕಾಶ ಕೊಡುವುದಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಬ್ಬಳಿಗೆ ಪರದೆ ಇಲ್ಲದೆ ಹೋದದ್ದೇ ಕಷ್ಟ, ಇನ್ನೊಬ್ಬಳಿಗೆ ಪರದೆ ಇದ್ದದ್ದೇ ಕಷ್ಟ. ಬೆಳಿಗ್ಗೆ ಬೀರುವಿನ ಬೀಗ ತೆಗೆಯುವಾಗ ಅನಿಸಿತು: ಬೀರುವಿಗೆ ಬೀಗ ಹಾಕಿದ್ದೇನೆಂದರೆ ಒಳಗೇನೂ ಇಲ್ಲವೆಂದಲ್ಲ, ಬೀಗದ ಕೈ ಯಾರ ಹತ್ತಿರ ಎಂಬುದೇ ಪ್ರಶ್ನೆ. ಬ್ಯಾಂಕಿನವರ ಬಳಿ ನಮ್ಮ ಖಾತೆಯಿದೆ, ಡಾಕ್ಟರ ಬಳಿ ನಮ್ಮ ಕಾಯಿಲೆಯ ಚೀಟಿಯಿದೆ. ಅದನ್ನು ಯಾರೂ ಬೀದಿಯ ಗೋಡೆಗೆ ಅಂಟಿಸುವುದಿಲ್ಲ. ಪೊಲೀಸರು ಕಾನೂನಿನ ಪ್ರಕಾರ ಕೇಳಿದರೆ ಕೊಡುತ್ತಾರೆ. ಹೆಸರು ಮಾರುವ ಕಂಪನಿಗೆ ನಿಜವಾದ ವಿಳಾಸ ಕೊಡಬೇಕು, ಕಂಪನಿ ಅದನ್ನು ಕಾಯಬೇಕು, ನ್ಯಾಯವಾದ ಕಾರಣವಿದ್ದವರು ಕೇಳಿದಾಗ ತಡಮಾಡದೆ ತೆರೆಯಬೇಕು. ಕೇಳುತ್ತಿರುವವರು ಮೋಸಹೋದ ನಾದಿನಿಯೋ, ಹೆಂಡತಿಯನ್ನು ಹುಡುಕುವ ಗಂಡನೋ ಎಂದು ನೋಡಿ ತೆರೆಯಬೇಕು. ಹೇಳುವುದು ಸುಲಭ, ಮಾಡುವುದು ಕಷ್ಟ. ಆದರೆ ಕಷ್ಟವೆಂದು ಎಲ್ಲರ ಬಾಗಿಲನ್ನೂ ತೆರೆದಿಡಲಾಗದು.

ನಾದಿನಿಯಿಂದ 1930 ನಂಬರಿಗೆ ಫೋನು ಮಾಡಿಸಿ ದೂರು ಕೊಡಿಸಿದೆ. ದುಡ್ಡು ಹೋದ ಕೂಡಲೇ ಮಾಡಬೇಕಿತ್ತು, ನಾವು ಮೂರು ದಿನ ತಡಮಾಡಿದ್ದೆವು. ಹಣ ಬರಲಿಲ್ಲ. ನೀವು ಮಾತ್ರ ತಡಮಾಡಬೇಡಿ. ಹಾಗೆಯೇ, ಮನೆಯಲ್ಲೇ ಏನಾದರೂ ಮಾಡಿ ಮಾರುವವರು ಇಂಥ ಹೆಸರು ಕೊಳ್ಳುವುದಾದರೆ, ವಿವರ ಎಲ್ಲಿ ಕಾಣುತ್ತದೆಂದು ಮೊದಲು ಕೇಳಿ. ಸಂಸ್ಥೆಯ ಹೆಸರು ಎಂಬ ಸಾಲಿನಲ್ಲಿ ಬರೆದದ್ದು ಈಗಲೂ ಹೊರಗೆ ಕಾಣಬಹುದು. ಅಲ್ಲಿ ನಿಮ್ಮ ಸ್ವಂತ ಹೆಸರು ಬೇಡ.

ಗೆಳತಿ ಈ ವಿಷಯಕ್ಕೆ ನನ್ನನ್ನು ಎಂದೂ ಬಯ್ಯಲಿಲ್ಲ. ನಾನೇ ಒಮ್ಮೆ ತಡೆಯಲಾರದೆ ಕ್ಷಮೆ ಕೇಳಿದ್ದಕ್ಕೆ, "ನಿನಗೆ ಬಾಗಿಲು ಹಾಕಿಕೊಂಡು ಅಭ್ಯಾಸ ಇರಲಿಲ್ಲ, ಅಷ್ಟೆ ಕಣೇ" ಎಂದಳು. ಅದು ಕ್ಷಮೆಯೋ ಆಕ್ಷೇಪವೋ ಇಂದಿಗೂ ತಿಳಿದಿಲ್ಲ.

2021ರಲ್ಲಿ ಅವಳು ಬೇರೊಂದು ಊರಿನಲ್ಲಿ, ಬೇರೊಂದು ಹೆಸರಿನಲ್ಲಿ ಮತ್ತೆ ವ್ಯಾಪಾರ ಹಚ್ಚಿದಳು. ಈ ಸಲ ಅರ್ಜಿ ತುಂಬಿದ್ದು ಅವಳ ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಒಂದೊಂದು ಸಾಲನ್ನೂ ಜೋರಾಗಿ ಓದಿ, ಅಮ್ಮನ ಮುಖ ನೋಡಿ, ಆಮೇಲೆ ಬರೆಯುತ್ತಿದ್ದಳು. ವಿವರ ಮರೆಮಾಡಲು ಆ ಕಂಪನಿ ಬೇರೆ ದುಡ್ಡು ಕೇಳಲಿಲ್ಲ. ನಾನು ಮೂಲೆಯಲ್ಲಿ ಕುಳಿತು ಮಿಡಿಯ ತೊಟ್ಟು ಮುರಿಯುತ್ತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲು ಹೋಗಲಿಲ್ಲ.