ಮಜ್ಜಿಗೆ ಹುಲ್ಲಿನ ಬಗ್ಗೆ ಇನ್ನೊಮ್ಮೆ, ಒಂದು ತಿದ್ದುಪಡಿ ಸಮೇತ

ಪತ್ತನಾಜೆ ಕಳೆಯಿತು, ನಾಲ್ಕು ಮಳೆಯೂ ಬಂತು. ಮಜ್ಜಿಗೆ ಹುಲ್ಲಿನ ಬುಡ ಉಂಟಾ ಅಂತ ಶಿರ್ವ, ಬೆಳ್ಮಣ್ ಕಡೆಯಿಂದ ಫೋನು ಬರ್ಲಿಕ್ಕೆ ಶುರುವಾಗಿದೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯುತ್ತೇನೆ. ಕೊನೆಗೆ ನನ್ನದೇ ಒಂದು ತಪ್ಪು ತಿದ್ದಲಿಕ್ಕುಂಟು, ಹಾಗಾಗಿ ಪೂರ್ತಿ ಓದಿ ಮಾರ್ರೆ.

ಚಾ ಹುಲ್ಲು, ನಿಂಬೆ ಹುಲ್ಲು, ಲೆಮನ್ ಗ್ರಾಸ್ ಎಲ್ಲ ಇದುವೇ. ಅಮ್ಮ ಬಾವಿಕಟ್ಟೆಯ ಹತ್ತಿರ ಒಂದು ಬುಡ ಇಟ್ಟಿದ್ದರು. ಎಲೆಯನ್ನು ಗಂಟು ಹಾಕಿ ಮಜ್ಜಿಗೆಗೆ ಬಿಡ್ತಿದ್ದರು, ಶೀತ ಆದರೆ ಶುಂಠಿ, ಬೆಲ್ಲದ ಜೊತೆ ಕುದಿಸಿ ಕಣ್ಣಾ ಚಾ ಕೊಡ್ತಿದ್ದರು. ಎಣ್ಣೆ ತೆಗೆಯುವ ಹುಲ್ಲು ಇದರ ಇನ್ನೊಂದು ಜಾತಿ. ಕೊಚ್ಚಿ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾರಣ ಆ ಎಣ್ಣೆಗೆ ಕೊಚ್ಚಿ ಎಣ್ಣೆ ಅಂತಲೇ ಹೆಸರು. ಕೇರಳದ ಓಡಕ್ಕಾಲಿಯಲ್ಲಿ ಅದರ ಸಂಶೋಧನಾ ಕೇಂದ್ರವೇ ಉಂಟು, ಸುಗಂಧಿ ಎಂಬ ತಳಿ ಅಲ್ಲಿಯದ್ದು. ನಮಗೆ ಚಾಕ್ಕೆ ಬೇಕಾದದ್ದು ಮನೆ ಹಿತ್ತಿಲಿನ ದಪ್ಪ ಬುಡದ ಹುಲ್ಲು.

ತೆಗೊಳ್ಳುವಾಗ ಬುಡ ನೋಡಿ. ಬಿಳಿ, ತಿಳಿ ಹಸಿರು ಇದ್ದರೆ ಮಜ್ಜಿಗೆ ಹುಲ್ಲು. ಕೆಂಪು, ನೇರಳೆ ಛಾಯೆ ಇದ್ದರೆ ಸಿಟ್ರೊನೆಲ್ಲಾ ಇರಬಹುದು. ಅದು ಸೊಳ್ಳೆ ಓಡಿಸುವ ಎಣ್ಣೆಗೆ ಹೊರತು ಚಾಕ್ಕೆ ಅಲ್ಲ. ಒಂದು ವರ್ಷ ನಾನೇ ಮೋಸ ಹೋಗಿ ನೂರು ಬುಡ ತಂದು ನೆಟ್ಟೆ. ಚಾ ಕುಡಿದರೆ ಸಾಬೂನು ಕುಡಿದ ಹಾಗೆ. ಎಲ್ಲ ಕಿತ್ತು ತೆಂಗಿನ ಬುಡಕ್ಕೆ ಹಾಕಿದೆ. ಈಗ ಎಲೆ ಉಜ್ಜಿ ಮೂಸದೆ ಒಂದು ಬುಡವೂ ತರುವುದಿಲ್ಲ.

ಈ ಹುಲ್ಲು ಹೂ ಬಿಡುವುದೇ ಅಪರೂಪ, ಬೀಜಕ್ಕೆ ಕಾಯಬೇಡಿ. ಹಳೆ ಬುಡ ಬಿಡಿಸಿ, ಎಲೆಯನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಎರಡೆರಡು ಅಡಿಗೆ ನೆಡಿ. ಹಿಮ ಬೀಳುವ ದೇಶದಲ್ಲಿ ಇದು ಚಳಿಗೆ ಸಾಯ್ತದೆ, ಕುಂಡದಲ್ಲಿಟ್ಟು ಚಳಿಗಾಲಕ್ಕೆ ಮನೆಯೊಳಗೆ ತರ್ತಾರೆ. ನಮ್ಮಲ್ಲಿ ಚಳಿಯ ಹೆದರಿಕೆ ಇಲ್ಲ, ವರ್ಷ ಇಡೀ ಹಸಿರು. ಹೆದರಿಕೆ ಇರುವುದು ನೀರು ನಿಲ್ಲುವುದಕ್ಕೆ. ಬೈಲಿನಲ್ಲಿ ನೆಟ್ಟದ್ದು ಆಟಿಯೊಳಗೆ ಕೊಳೆಯಿತು. ಗುಡ್ಡೆ ಬದಿಯ ಮುರ ಮಣ್ಣಿನಲ್ಲಿ ಏರಿ ಮಾಡಿ, ಹಟ್ಟಿ ಗೊಬ್ಬರ, ಸುಡುಮಣ್ಣು ಹಾಕಿ ನೆಟ್ಟದ್ದು ಸೊಂಪಾಗಿ ಬಂತು. ಬೇಸಗೆಯಲ್ಲಿ ವಾರಕ್ಕೆರಡು ನೀರು, ಬುಡಕ್ಕೆ ತರಗೆಲೆ. ನಾಲ್ಕು ತಿಂಗಳಿಗೆ ಮೊದಲ ಕೊಯ್ಲು, ಮತ್ತೆ ಒಂದೂವರೆ ಎರಡು ತಿಂಗಳಿಗೊಮ್ಮೆ. ನೆಲದಿಂದ ನಾಲ್ಕು ಬೆರಳು ಮೇಲೆ ಕತ್ತಿ ಹಾಕಿ. ಉದ್ದ ಕೈಯ ಅಂಗಿ ಹಾಕ್ಕೊಳ್ಳಿ, ಎಲೆಯ ಅಂಚು ಬ್ಲೇಡಿನ ಹಾಗೆ. ನಾಲ್ಕೈದು ವರ್ಷಕ್ಕೆ ಬುಡ ಬದಲಿಸಬೇಕು.

ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಹಾಕಿದರೆ ಬಣ್ಣವೂ ಇಲ್ಲ, ಪರಿಮಳವೂ ಇಲ್ಲ. ಮಳೆಗಾಲದಲ್ಲಿ ಒಣಗಿಸಿ ಮಾರುವ ಆಸೆ ಬಿಡಿ, ಬೂಸ್ಟು ಬಂದೇ ಬರ್ತದೆ. ಆಗ ಹಸಿ ಕಟ್ಟು ಮಾತ್ರ ಕೊಡಿ. ನಾನು ಉಡುಪಿ, ಮಣಿಪಾಲಕ್ಕೆ ಮಲ್ಲಿಗೆಯ ಜೊತೆ ಕಟ್ಟು ಕಳಿಸ್ತೇನೆ. ಮಲ್ಲಿಗೆ ಅಟ್ಟೆಗೆ ರೇಟು ಬಿದ್ದ ದಿನ ಚಾ ಖರ್ಚಿಗೆ ಇದೇ ಆಗ್ತದೆ. ಇದರಲ್ಲಿ ಶ್ರೀಮಂತ ಆಗುವ ಲೆಕ್ಕ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ತಪ್ಪಿನ ವಿಷಯ.

ಎರಡು ವರ್ಷದ ಹಿಂದೆ ಇದೇ ಪುಟದಲ್ಲಿ ಈ ಹುಲ್ಲಿನ ಫೋಟೋ ಹಾಕಿ "ಕ್ಯಾನ್ಸರಿಗೆ ರಾಮಬಾಣ, ಇಸ್ರೇಲಿನವರು ಕಂಡುಹಿಡಿದದ್ದು" ಅಂತ ಬರೆದಿದ್ದೆ. ವಾಟ್ಸಾಪಿನಲ್ಲಿ ಬಂದದ್ದನ್ನು ಹಾಗೇ ಹಾಕಿದ್ದು. ಆ ವಾರ ಕಟ್ಟು ಚೆನ್ನಾಗಿ ಹೋಯಿತು, ನನಗೆ ಖುಷಿಯೇ ಆಯಿತು.

ಕಳೆದ ದೀಪಾವಳಿ ಆದ ಮೇಲೆ ಕಾರ್ಕಳ ಕಡೆಯ ಪರಿಚಯದ ಒಬ್ಬರು ಮಗನ ಸ್ಕೂಟರಿನಲ್ಲಿ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ಅಂಗಿ ಮೈಮೇಲೆ ನೇತಾಡ್ತಿತ್ತು. ವಾರಕ್ಕೆ ಹತ್ತು ಕಟ್ಟು ಬೇಕು ಅಂದರು. ಅಷ್ಟು ಎಂತಕ್ಕೆ ಅಣ್ಣಾ ಅಂತ ಕೇಳಿದೆ. "ಮಣಿಪಾಲಕ್ಕೆ ಹೋಗುವುದು ಬಿಟ್ಟೆ. ಎರಡು ಸಲದ ಕಿಮೋ ತಪ್ಪಿತು. ಆ ವಾಂತಿ, ಸುಸ್ತು ತಡೆಯುವುದಿಲ್ಲ ತಮ್ಮಾ. ಇದರಲ್ಲೇ ಗುಣ ಆಗ್ತದಲ್ಲ, ನೀವೇ ಬರೆದದ್ದಲ್ವಾ?" ಅಂದರು. ಮಗ ಆಚೆ ತಿರುಗಿ ನಿಂತಿದ್ದ.

ನಾನು ಕತ್ತಿ ಕೆಳಗಿಟ್ಟು ಕೂತೆ. ಏನು ಹೇಳುವುದು ಗೊತ್ತಾಗಲಿಲ್ಲ.

ಅವತ್ತು ರಾತ್ರಿ ಮಗಳಿಗೆ ಫೋನು ಮಾಡಿ ಹುಡುಕಲು ಹೇಳಿದೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧನೆ ನಿಜವೇ, 2005ರಲ್ಲಿ ಪ್ರಕಟವಾದದ್ದು. ಹುಲ್ಲಿಗೆ ನಿಂಬೆ ಪರಿಮಳ ಕೊಡುವ ಸಿಟ್ರಾಲ್ ತಾಗಿದಾಗ ಕ್ಯಾನ್ಸರ್ ಕೋಶ ಸಾಯ್ತದೆ ಅಂತ. ಆದರೆ ಅದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಲ್ಲಿ. ರೋಗಿಗೆ ಚಾ ಕುಡಿಸಿ ಗುಣಪಡಿಸಿದ್ದಲ್ಲ. ಅಲ್ಲಿಯೂ ಪೇಪರಿನಲ್ಲಿ ಸುದ್ದಿ ಬಂದ ಮೇಲೆ ಒಬ್ಬ ಕೃಷಿಕನ ತೋಟಕ್ಕೆ ರೋಗಿಗಳು ಹುಡುಕಿಕೊಂಡು ಬಂದರಂತೆ. ಓದುವಾಗ ನಮ್ಮ ಅಂಗಳವೇ ಕಣ್ಣೆದುರು ಬಂತು.

ಮರುದಿನ ಬಸ್ಸು ಹತ್ತಿ ಅವರ ಮನೆಗೆ ಹೋದೆ. "ಅಣ್ಣಾ, ನಾನು ಬರೆದದ್ದು ಸುಳ್ಳು. ಗೊತ್ತಿಲ್ಲದೆ ಬರೆದೆ, ಮಾರಾಟ ಆಗ್ತದೆ ಅಂತ ಬರೆದೆ. ಹುಲ್ಲು ಬೇಕಾದಷ್ಟು ಕೊಡ್ತೇನೆ, ದುಡ್ಡು ಬೇಡ. ಆದರೆ ನೀವು ಮಣಿಪಾಲಕ್ಕೆ ಹೋಗಬೇಕು" ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಇನ್ನು ಯಾರು ಬರೆದದ್ದನ್ನು ನಂಬುವುದು?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹನ್ನೊಂದನೇ ದಿನ ಮಗ ಫೋನು ಮಾಡಿದ, ಅಪ್ಪ ಹೊರಟರು ಅಂತ. ವಾಂತಿಯ ವಿಷಯ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿದ ಮೇಲೆ ಅದಕ್ಕೂ ಮದ್ದು ಕೊಟ್ಟರಂತೆ. ಹುಲ್ಲಿನ ಚಾ ಕುಡಿಯಬಹುದಾ ಅಂತಲೂ ಅಲ್ಲೇ ಕೇಳಿದರಂತೆ. ಚಿಕಿತ್ಸೆ ಇನ್ನೂ ನಡೀತಾ ಉಂಟು. ಮುಂದೆ ಹೇಗೋ, ದೇವರು ದೊಡ್ಡವನು. ತಪ್ಪಿದ ಆ ಎರಡು ಸಲ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ.

ಹಳೆಯ ಬರಹ ತೆಗೆದಿದ್ದೇನೆ. ಶೇರ್ ಮಾಡಿದವರು ಇದ್ದರೆ ದಯವಿಟ್ಟು ನೀವೂ ತೆಗೆಯಿರಿ, ಇದನ್ನು ಹಾಕಿ. ಇದು ಪರಿಮಳದ ಹುಲ್ಲು, ಒಳ್ಳೆಯ ಚಾ ಆಗ್ತದೆ. ಅಷ್ಟು ಹೇಳಿ ಮಾರಿದರೆ ಸಾಕು.

ಬುಡ ಬೇಕಾದವರು ಆದಿತ್ಯವಾರ ಬೆಳಿಗ್ಗೆ ಬನ್ನಿ, ಗೋಣಿ ತನ್ನಿ. ಬಿಡಿಸಿ ಕೊಡ್ತೇನೆ. ಒಂದು ಚಾ ಕುಡಿದೇ ಹೋಗಬೇಕು.