ಸೊಲ್ಲಾಪುರದ ವಾಚನಾಲಯದಲ್ಲಿ ಒಂದು ತಾಸು

ಸೊಲ್ಲಾಪುರಕ್ಕೆ ಬೀಗರು-ನೆಂಟರು ಬಂದರೆ ನಾವು ತೋರಿಸುವ ಸ್ಥಳಗಳು ಗೊತ್ತಾದವೇ. 12ನೇ ಶತಮಾನದ ಸಿದ್ಧರಾಮೇಶ್ವರರ ಹೆಸರಿನ ಕೆರೆ ಮತ್ತು ಗುಡಿ, ಭುಯಿಕೋಟ, ನಮ್ಮ ಬಸದಿಗಳು, ಕೊನೆಗೆ ಚಾದರದ ಅಂಗಡಿ. ಕೈಯಲ್ಲಿ ಒಂದು ಗಂಟು ಹಿಡಿದು ಅವರು ಗಾಡಿ ಹತ್ತುತ್ತಾರೆ. ಈಚೆಗೆ ನಮಗೆ ಬಹಳ ಹಿಡಿಸಿದ ಜಾಗವೊಂದನ್ನು ಮಾತ್ರ ಇನ್ನೂ ಯಾರಿಗೂ ತೋರಿಸಿಲ್ಲ. ಅದು ನಮ್ಮ ಅಂಗಡಿಯಿಂದ ಹತ್ತು ನಿಮಿಷದ ಹಾದಿಯಲ್ಲಿರುವ ಸಾರ್ವಜನಿಕ ವಾಚನಾಲಯ.

ನಾವು ಗಂಡ-ಹೆಂಡತಿ ಇಬ್ಬರೂ ಅರಿವೆ ವ್ಯಾಪಾರದಲ್ಲಿ ಇದ್ದವರು. ಶಾಲೆ ಬಿಟ್ಟ ಮೇಲೆ ನಮ್ಮ ಕೈಗೆ ಬಂದ ಪುಸ್ತಕಗಳೆಂದರೆ ರೋಜಕಿರ್ದಿ, ಖಾತೆವಹಿ ಮತ್ತು ಬಸದಿಯ ಪೂಜಾಪಾಠ. ಮಕ್ಕಳಾಗಿದ್ದಾಗ ವಾಚನಾಲಯಕ್ಕೆ ಹೋದದ್ದುಂಟು. ದೊಡ್ಡವರಾದ ಮೇಲೆ ಅತ್ತ ಸುಳಿದಿರಲಿಲ್ಲ. ಮತ್ತೆ ಹೋಗುವಂತೆ ಮಾಡಿದವರು ನಮ್ಮ ಅವ್ವ. ಅವರು ಇಂಡಿ ಕಡೆಯವರು, ಕನ್ನಡ ನಾಲ್ಕನೆಯ ಇಯತ್ತೆ ಕಲಿತವರು. ಕಣ್ಣು ಮಂಜಾದ ಮೇಲೆ ಒಂದು ದಿನ, "ಯಾರಾದರೂ ಒಂದು ಕನ್ನಡ ಪುಸ್ತಕ ಓದಿ ಹೇಳ್ರಪ್ಪಾ, ಹೊತ್ತು ಹೋಗವಲ್ದು" ಎಂದರು. ಮನೆಯೆಲ್ಲ ಹುಡುಕಿದರೂ ಪೂಜೆಯ ಪುಸ್ತಕ ಬಿಟ್ಟು ಒಂದು ಕನ್ನಡ ಹೊತ್ತಿಗೆ ಸಿಗಲಿಲ್ಲ. ಆಡುವ ಮಾತು ಕನ್ನಡ, ಕಲಿತದ್ದು ಮರಾಠಿ. ನಮ್ಮ ಮನೆಯ ಸ್ಥಿತಿ ಗಡಿಯ ಎಷ್ಟೋ ಮನೆಗಳ ಸ್ಥಿತಿಯೇ.

ಅಂಗಡಿ ಮುಚ್ಚಿರುವ ದಿನ ವಾಚನಾಲಯಕ್ಕೆ ಹೋದೆವು. ಅರ್ಜಿ ತುಂಬಿ, ಸ್ವಲ್ಪ ಠೇವಣಿ ಇಟ್ಟು, ತಿಂಗಳ ವರ್ಗಣಿ ಕೊಟ್ಟ ಕೂಡಲೇ ಸದಸ್ಯರಾದೆವು. ನಾವು ಉದ್ರಿ ಕೊಡುವಾಗ ಗಿರಾಕಿಯ ಮೂರು ತಲೆಮಾರು ವಿಚಾರಿಸುವವರು. ಇಲ್ಲಿ ಕಪಾಟುಗಳಿಗೆಲ್ಲ ಕೈ ಹಾಕಲು ಬಿಟ್ಟು, "ನೋಡ್ರಿ, ಬೇಕಾದ್ದು ಆರಿಸಿಕೊಳ್ರಿ" ಎಂದರು. ನಮಗೆ ತುಸು ಸಂಕೋಚವೇ ಆಯಿತು.

ಮಹಾರಾಷ್ಟ್ರದ ಇಂಥ ವಾಚನಾಲಯಗಳನ್ನು ಹೆಚ್ಚಾಗಿ ಊರಿನ ಸಂಸ್ಥೆಗಳೇ ನಡೆಸುತ್ತವೆ. 1967ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಸರಕಾರ ಅವುಗಳಿಗೆ ದರ್ಜೆ ಗೊತ್ತುಮಾಡಿ ಅನುದಾನ ಕೊಡುತ್ತದೆ. ಕರ್ನಾಟಕದಲ್ಲಿ 1965ರ ಕಾಯ್ದೆಯಂತೆ ಸರಕಾರವೇ ಗ್ರಂಥಾಲಯ ನಡೆಸುತ್ತದೆ. ಅದಕ್ಕಾಗಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರುತ್ತದೆ. ರೀತಿ ಬೇರೆಯಾದರೂ ಎರಡೂ ಕಡೆ ಬಾಗಿಲು ಎಲ್ಲರಿಗೂ ತೆರೆದದ್ದೇ.

ಕನ್ನಡದ ಕಪಾಟು ಒಂದು ಮೂಲೆಯಲ್ಲಿತ್ತು. ಅಲ್ಲಿ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಂಡಿತು. 1976ರಲ್ಲಿ ಬಂದ ಕಾದಂಬರಿ, ಬಾಲವಿಧವೆಯೊಬ್ಬಳ ಬಾಳಿನ ಕಥೆ. ಹಿಂಬದಿಯ ಚೀಟಿಯಲ್ಲಿ ಕೊನೆಯ ಮುದ್ರೆ 1994ರದು! ಅಷ್ಟು ವರ್ಷ ಆ ಪುಸ್ತಕ ಓದುಗರಿಗಾಗಿ ಕಾದು ಕುಳಿತಿತ್ತು. ಮನೆಯಲ್ಲಿ ಕನ್ನಡ ಕಡಿಮೆಯಾಯಿತೆಂದು ಮದುವೆ-ಮುಂಜಿಗಳಲ್ಲಿ ಕೂತು ಹಳಹಳಿಸುವವರೂ ನಾವೇ, ಹತ್ತು ನಿಮಿಷ ನಡೆದು ಬಾರದವರೂ ನಾವೇ. ತಪ್ಪು ವಾಚನಾಲಯದ್ದಲ್ಲ.

ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಓದಲು ಕುಳಿತೆವು. ಮೊದಲ ದಿನ ಬೆರಳಿಟ್ಟು ಓದಿದರೂ ಎರಡು ಪುಟ ಸಾಗಲಿಲ್ಲ. ಒತ್ತಕ್ಷರ ತಡವರಿಸಿದಲ್ಲಿ ಅವ್ವ ಕಣ್ಣು ಮುಚ್ಚಿಕೊಂಡೇ ತಿದ್ದಿದರು. ನಾಲ್ಕನೆಯ ದಿನ ಓದು ನಡೆದಿದ್ದಾಗ, "ನಮ್ಮ ಸೋದರತ್ತಿನೂ ಹಿಂಗ ಇದ್ದಳು" ಎಂದರು. ಆ ಅತ್ತೆಯ ಸುದ್ದಿಯನ್ನು ಐವತ್ತು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅಂದು ಪುಸ್ತಕ ಮಡಿಚಿಟ್ಟು ಅವ್ವನ ಮಾತನ್ನೇ ಕೇಳಿದೆವು.

ಅಂದಿನಿಂದ ವಾರಕ್ಕೊಂದು ತಾಸು ವಾಚನಾಲಯ ನಮ್ಮ ರೂಢಿಯಾಗಿದೆ. ಪತ್ರಿಕೆಗಳ ಮೇಜಿನ ಸುತ್ತ ನಿವೃತ್ತರು, ಪರೀಕ್ಷೆಗೆ ಓದುವ ಹುಡುಗರು, ಮಧ್ಯೆ ನಾವು. ಅಲ್ಲಿ ಯಾರೂ ಭಾವ ಕೇಳುವುದಿಲ್ಲ, ವಸೂಲಿಗೆ ಬರುವುದಿಲ್ಲ. ಏನೋ ಹುಡುಕಲು ಹೋದರೆ ಇನ್ನೇನೋ ಸಿಗುತ್ತದೆ. ಹೀಗೆ ಕೈಗೆ ಬಂದದ್ದು ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮ ಮತ್ತು ಶಾಸನಗಳ ಬಗ್ಗೆ ಬರೆದ ಇಂಗ್ಲಿಷ್ ಗ್ರಂಥ. ಅದನ್ನು 1957ರಲ್ಲಿ ಪ್ರಕಟಿಸಿದ್ದು ನಮ್ಮ ಊರಿನ ಜೀವರಾಜ ಜೈನ ಗ್ರಂಥಮಾಲೆ! ಇಂಗ್ಲಿಷ್ ಪೂರ್ತಿ ತಿಳಿಯಲಿಲ್ಲ, ಆದರೂ ಪರಿಚಯದ ಊರುಗಳ ಹೆಸರು ಹುಡುಕುತ್ತ ಒಂದು ಮಧ್ಯಾಹ್ನ ಸರಿದದ್ದೇ ತಿಳಿಯಲಿಲ್ಲ.

ಇದು ನಮ್ಮ ಸಮಾಜಕ್ಕೆ ಹೊಸದೇನಲ್ಲ. ಸೊಲ್ಲಾಪುರದ ಹಳೆಯ ವಾಚನಾಲಯವೊಂದು 'ಜೈನ ಬೋಧಕ' ಮಾಸಿಕ ನಡೆಸಿದ ಶೇಠ ಹೀರಾಚಂದ ನೇಮಚಂದರ ಹೆಸರನ್ನೇ ಹೊತ್ತಿದೆ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದ ವಾಲಚಂದರು ಇವರ ಮಗ. ಅದಕ್ಕೂ ಬಹಳ ಹಿಂದೆ, ಅಚ್ಚಿನ ಮನೆಗಳಿಲ್ಲದ ಕಾಲದಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿ ಎಂದು ಆಕೆ ಹಂಚಿರಲಿಕ್ಕಿಲ್ಲ. ಶಾಸ್ತ್ರದಾನದ ಫಲ ಓದಿದಾಗಲೇ ಪೂರ್ಣ.

ಇನ್ನೊಂದು ಮಾತು. ನಾವು ಪರಿಗ್ರಹ ಪರಿಮಾಣದ ಉಪದೇಶ ಕೇಳುತ್ತೇವೆ, ಮನೆಗೆ ಬಂದು ಕಪಾಟು ತುಂಬುತ್ತೇವೆ. ವಾಚನಾಲಯದ ಪುಸ್ತಕ ಹದಿನೈದು ದಿನ ನಮ್ಮದು, ಆಮೇಲೆ ಮತ್ತೊಬ್ಬರದು. ಪುಸ್ತಕ ತಿರುಗಿ ಹೋದರೂ ಸುಖ ನಮ್ಮಲ್ಲೇ ಉಳಿಯುತ್ತದೆ. ನಮ್ಮದೆನ್ನದೆ ಸುಖಪಡುವುದನ್ನು ಇಷ್ಟು ಸುಲಭವಾಗಿ ಕಲಿಸುವ ಜಾಗ ಪೇಟೆಯಲ್ಲಿ ಇನ್ನೊಂದನ್ನು ನಾವು ಕಂಡಿಲ್ಲ.

ಕಳೆದ ತಿಂಗಳು ಅವ್ವನ ತಂಗಿ ಬಂದಿದ್ದರು. ಅವರಿಗೂ 'ಫಣಿಯಮ್ಮ' ಓದಿ ಹೇಳೋಣವೆಂದು ಹೋದರೆ ಪುಸ್ತಕ ಕಪಾಟಿನಲ್ಲಿರಲಿಲ್ಲ. ಯಾರೋ ಒಯ್ದಿದ್ದಾರೆ ಎಂದರು. ಕ್ಷಣಹೊತ್ತು ನಿರಾಸೆಯಾಯಿತು. ಆಮೇಲೆ ದಾರಿಯುದ್ದಕ್ಕೂ ಅದನ್ನೇ ನೆನೆದು ಸಂತೋಷಪಟ್ಟೆವು. ನಮ್ಮ ತಾರೀಖಿನ ಕೆಳಗೆ ಮತ್ತೊಂದು ಮುದ್ರೆ ಬಿದ್ದಿತ್ತಲ್ಲ!

ಬಂಧುಗಳೇ, ನಿಮ್ಮ ಊರಲ್ಲೂ ಇಂಥದೊಂದು ಬಾಗಿಲು ತೆರೆದಿರಬಹುದು. ಮುಂದಿನ ರಜೆಯ ದಿನ ಮನೆಯ ಹಿರಿಯರನ್ನು ಏನು ಓದಲೆಂದು ಕೇಳಿ, ಮಗುವಿನ ಕೈ ಹಿಡಿದು ಒಮ್ಮೆ ಹೋಗಿ ಬನ್ನಿರಿ.